ಮಡಿಲು ಸಾಲದು: ಊರೂರಿಗೆ ಒಯ್ಯಬಲ್ಲ ಮಕ್ಕಳ ಸೀಟನ್ನು ಆರಿಸುವ ಬಗೆ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅನೇಕ ಮಕ್ಕಳ ಬದುಕಿನ ಮೊತ್ತಮೊದಲ ಪ್ರಯಾಣವು ರಾಜ್ಯದ ಗಡಿಯನ್ನು ದಾಟುವ ಪ್ರಯಾಣವೇ ಆಗಿರುತ್ತದೆ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ. ಬಾಣಂತನ ಬದಿಯಡ್ಕದಲ್ಲೋ ಪೈವಳಿಕೆಯಲ್ಲೋ ಬಂದಡ್ಕದಲ್ಲೋ ಇರುವ ತವರುಮನೆಯಲ್ಲಿ. ಮೂರೋ ನಾಲ್ಕೋ ದಿನಗಳ ಹಸುಗೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅಜ್ಜಿಯ ಮಡಿಲಲ್ಲಿಟ್ಟು, ಬಾಡಿಗೆ ಕಾರಿನಲ್ಲಿ ತಲಪಾಡಿಯನ್ನು ದಾಟಿ ಬರುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಅದರಲ್ಲಿ ಯೋಚಿಸಬೇಕಾದದ್ದೇನಾದರೂ ಇದೆಯೆಂದು ಯಾರಿಗೂ ತೋರುವುದಿಲ್ಲ. ಚಾಲಕ ಬೆಲ್ಟ್ ಹಾಕಿರುತ್ತಾನೆ, ಮುಂದೆ ಕುಳಿತ ಮಾವ ಬೆಲ್ಟ್ ಹಾಕಿರುತ್ತಾರೆ. ಕಾರಿನೊಳಗೆ ಯಾವುದಕ್ಕೂ ಕಟ್ಟಿರದ ಜೀವವೊಂದಿದ್ದರೆ ಅದು ಅತ್ಯಂತ ಚಿಕ್ಕ ಜೀವ.

ಮಕ್ಕಳ ಸುರಕ್ಷಾ ಆಸನ, ಅಂದರೆ ಎಲ್ಲರೂ ಚೈಲ್ಡ್ ಸೀಟ್ ಎಂದು ಕರೆಯುವ ಸಾಧನದ ಬಗ್ಗೆ ನಗರದ ಪತ್ರಿಕೆಗಳಲ್ಲಿ ಬರುವ ಬರಹಗಳು ಸ್ವಂತ ಕಾರುಳ್ಳವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಒಂದು ಕಾರು, ಅದರಲ್ಲಿ ಒಮ್ಮೆ ಜೋಡಿಸಿದರೆ ವರ್ಷಗಟ್ಟಲೆ ಅಲ್ಲಿಯೇ ಇರುವ ದೊಡ್ಡ ಆಸನ. ನಮ್ಮ ಬಹುಪಾಲು ಕುಟುಂಬಗಳ ಸ್ಥಿತಿ ಹಾಗಿಲ್ಲ. ಇಂದು ಟ್ಯಾಕ್ಸಿ, ನಾಳೆ ಭಾವನ ಕಾರು, ಮದುವೆಗೆ ನೆರೆಮನೆಯವರ ವ್ಯಾನು, ಗಲ್ಫಿನಿಂದ ಬಂದ ಅಣ್ಣನಿಗೆ ರಜೆ ಮುಗಿಯುವ ತನಕ ಬಾಡಿಗೆಯ ವಾಹನ. ಆದ್ದರಿಂದ ನಮಗೆ ಬೇಕಾದದ್ದು ಒಂದು ಕಾರಿನಿಂದ ಮತ್ತೊಂದಕ್ಕೆ ಐದು ನಿಮಿಷಗಳಲ್ಲಿ ಬದಲಾಯಿಸಬಹುದಾದ, ಒಂದು ಕೈಯಲ್ಲಿ ಮಗು ಇನ್ನೊಂದು ಕೈಯಲ್ಲಿ ಸೀಟು ಹಿಡಿದು ಗದ್ದೆಯ ಬದುವಿನಲ್ಲಿ ನಡೆಯಬಹುದಾದ ಸಾಧನ. ಅಂಥದ್ದನ್ನು ಹುಡುಕಹೊರಟವರು ಯಾವುದನ್ನು ನೋಡಬೇಕು, ಯಾವುದಕ್ಕೆ ಮೋಸಹೋಗಬಾರದು ಎಂಬುದು ಈ ಲೇಖನದ ವಿಷಯ.

ಮಡಿಲು ಏಕೆ ಸಾಲದು

ಅಜ್ಜಿಯ ಹಿಡಿತದ ಮೇಲಿನ ನಂಬಿಕೆಯನ್ನು ಹಗುರವಾಗಿ ಕಾಣುವುದು ಇಲ್ಲಿನ ಉದ್ದೇಶವಲ್ಲ. ಆದರೆ ಲೆಕ್ಕವನ್ನು ಒಮ್ಮೆ ನೋಡಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಎದುರಿನ ವಾಹನಕ್ಕೆ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆಂದು ಭಾವಿಸೋಣ. ಆ ಕ್ಷಣದಲ್ಲಿ ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 10 ಕಿಲೋ ತೂಕದ ಮಗುವನ್ನು ಆಗ ಹಿಡಿದುಕೊಳ್ಳುವುದೆಂದರೆ ಸುಮಾರು 140 ಕಿಲೋ ಭಾರವನ್ನು ಹಿಡಿದುಕೊಂಡಂತೆ. ಐವತ್ತು ಕಿಲೋದ ಮೂರು ಅಕ್ಕಿಚೀಲಗಳಿಗಿಂತ ತುಸು ಕಡಿಮೆ. ಎಂಥ ಬಲಶಾಲಿಯ ಕೈಯೂ ಇದಕ್ಕೆ ಸಾಲದು. ಹಿಡಿದವರು ಬೆಲ್ಟ್ ಹಾಕಿರದಿದ್ದರೆ ಅವರ ದೇಹವೇ ಮಗುವಿನ ಮೇಲೆ ಬೀಳುತ್ತದೆ.

ತೋಟದವರಿಗೆ ಇನ್ನೊಂದು ಅಳತೆ ಹೆಚ್ಚು ಹತ್ತಿರವಾದೀತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಫಲ ಕೊಡುತ್ತಿರುವ ಅಡಕೆ ಮರದ ಮೇಲಿನಿಂದ ಬೀಳುವುದಕ್ಕೆ ಸಮ. 80 ಕಿಲೋಮೀಟರ್ ವೇಗವಾದರೆ ಆ ಎತ್ತರ 25 ಮೀಟರ್. ಹಳೆಯ ಎತ್ತರದ ತೆಂಗಿನ ಮರದ ತುದಿ. ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿ ಷಟ್ಪಥವಾದ ಬಳಿಕ 80 ಕಿಲೋಮೀಟರ್ ಎಂಬುದು ಯಾರಿಗೂ ವೇಗವೆಂದೇ ಅನಿಸುವುದಿಲ್ಲ.

ಹಸುಗೂಸಿಗೆ ಇದರ ಮೇಲೊಂದು ಅಪಾಯವಿದೆ. ಹುಟ್ಟಿದ ಮಗುವಿನ ತಲೆ ಇಡೀ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ. ಕುತ್ತಿಗೆಯ ಮೂಳೆಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖಮಾಡಿ ಕುಳಿತ ಕೂಸಿನ ದೇಹವನ್ನು ಪಟ್ಟಿ ಹಿಡಿದರೂ ಭಾರವಾದ ತಲೆ ಮುಂದಕ್ಕೆ ಜಗ್ಗುತ್ತದೆ, ಆ ಸೆಳೆತವನ್ನೆಲ್ಲ ಕುತ್ತಿಗೆಯೇ ತಾಳಬೇಕಾಗುತ್ತದೆ. ಮಗುವನ್ನು ಹಿಮ್ಮುಖವಾಗಿ, ಅಂದರೆ ಕಾರಿನ ಹಿಂಬದಿಯ ಗಾಜಿನತ್ತ ಮುಖಮಾಡಿ ಕೂರಿಸಿದರೆ ಆ ಬಲವು ತಲೆ, ಕುತ್ತಿಗೆ, ಬೆನ್ನುಗಳಿಗೆ ಒಟ್ಟಾಗಿ ಹಂಚಿಹೋಗಿ ಸೀಟಿನ ಬೆನ್ನಿಗೆ ತಾಗುತ್ತದೆ. ಚಿಕ್ಕ ಮಕ್ಕಳ ಸೀಟುಗಳು ಹಿಂದಕ್ಕೆ ತಿರುಗಿರುವುದಕ್ಕೆ ಕಾರಣ ಇಷ್ಟೇ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ ಕಾರುಗಳಲ್ಲಿ ಸರಿಯಾದ ಸೀಟಿನ ಬಳಕೆಯು ಒಂದು ವರ್ಷದೊಳಗಿನ ಮಕ್ಕಳ ಸಾವಿನ ಸಂಭವವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 54ರಷ್ಟು ತಗ್ಗಿಸುತ್ತದೆ.

ಕಾನೂನು ಇದೆಯೇ, ಇಲ್ಲವೇ?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಎರಡು ಉತ್ತರಗಳು ಓಡಾಡುತ್ತಿವೆ. ಗೊಂದಲಕ್ಕೆ ಕಾರಣವೂ ಇದೆ. 2024ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಕಾರಿನ ಮುಂದಿನ ಆಸನದಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗುವೊಂದು, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಂಡಾಗ ಮೃತಪಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇರಳದ ಸಾರಿಗೆ ಆಯುಕ್ತರು, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್, ಅದರ ಮೇಲಿನ ವಯಸ್ಸಿನ, 135 ಸೆಂಟಿಮೀಟರ್ ಎತ್ತರದೊಳಗಿನ ಮಕ್ಕಳಿಗೆ ಬೂಸ್ಟರ್ ಕಡ್ಡಾಯವೆಂದೂ ಡಿಸೆಂಬರ್‌ನಿಂದ ದಂಡ ವಿಧಿಸಲಾಗುವುದೆಂದೂ ಪ್ರಕಟಿಸಿದರು. ಕೆಲವೇ ದಿನಗಳೊಳಗೆ ಸಾರಿಗೆ ಸಚಿವರು ದಂಡವಿಲ್ಲವೆಂದು ಸ್ಪಷ್ಟಪಡಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಎರಡನೆಯ ಮಾತು ಮಾತ್ರ.

ಆದರೆ ಕೇಂದ್ರದ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರ್ಪಡೆಯಾದ 194ಬಿ ವಿಧಿ ಹಾಗೆಯೇ ಇದೆ. ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಲೋ ಮಕ್ಕಳ ಸುರಕ್ಷಾ ಸಾಧನದಿಂದಲೋ ಭದ್ರಪಡಿಸದೆ ವಾಹನ ಚಲಾಯಿಸುವವರಿಗೆ, ಚಲಾಯಿಸಗೊಡುವವರಿಗೆ 1,000 ರೂಪಾಯಿ ದಂಡವೆಂದು ಅದು ಹೇಳುತ್ತದೆ. ಕೇಂದ್ರ ಕಾಯಿದೆಯಾದ್ದರಿಂದ ತಲಪಾಡಿಯ ಆಚೆಗೂ ಈಚೆಗೂ ಅದು ಒಂದೇ. ನಡುವೆ ಬೈಕಿನ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು: ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಹೆಲ್ಮೆಟ್ ಹಾಗೂ 40 ಕಿಲೋಮೀಟರ್ ಮೀರದ ವೇಗ ಬೇಕೆಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆ ಪಟ್ಟಿ ಬೈಕಿಗೆ ಮಾತ್ರ. ಅದನ್ನು ತಂದು ಕಾರಿನಲ್ಲಿ ಬಳಸಿದರೆ ಪ್ರಯೋಜನವಿಲ್ಲ.

‘ಪೋರ್ಟಬಲ್’ ಎಂಬ ಪದದ ಎರಡು ಮುಖ

ಆನ್‌ಲೈನ್ ಅಂಗಡಿಗಳಲ್ಲಿ ‘ಪೋರ್ಟಬಲ್ ಕಾರ್ ಸೀಟ್’ ಎಂದು ಹುಡುಕಿದರೆ ಎರಡು ಬಗೆಯ ವಸ್ತುಗಳು ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು, ನಿಜವಾದ ಸೀಟು: ಗಟ್ಟಿಯಾದ ಕವಚ, ಒಳಗೆ ಮೆತ್ತೆ, ಕಾರಿನ ಬೆಲ್ಟ್ ಹಾಯಿಸಲು ಗುರುತುಮಾಡಿದ ದಾರಿ. ಇನ್ನೊಂದು, ಮಡಚಿದರೆ ಶಾಲಾ ಚೀಲದೊಳಗೆ ಹಿಡಿಸುವ ಬಟ್ಟೆಯ ಹಾಸು: ಅದಕ್ಕೆ ಹೊಲಿದ ನಾಲ್ಕೈದು ಪಟ್ಟಿಗಳು, ಕಾರಿನ ಆಸನದ ಬೆನ್ನಿಗೆ ಸುತ್ತಿ ಕಟ್ಟಲು ಒಂದು ದಾರ, ಹಸನ್ಮುಖಿ ಮಗುವಿನ ಚಿತ್ರ, ಕೆಲವೇ ನೂರು ರೂಪಾಯಿ ಬೆಲೆ. ಹಗುರವೆಂಬ ಕಾರಣಕ್ಕೆ ನಮ್ಮಂಥವರ ಕಣ್ಣು ಮೊದಲು ಹೋಗುವುದು ಇದರ ಮೇಲೆಯೇ.

ಈ ಬಟ್ಟೆಯ ಸೀಟನ್ನು ಖಂಡಿತವಾಗಿಯೂ ಕೊಳ್ಳಬಾರದು. ಸುರಕ್ಷಾ ಆಸನದ ಇಡೀ ತತ್ತ್ವ ನಿಂತಿರುವುದು ಒಂದು ಸರಪಳಿಯ ಮೇಲೆ: ಮಗು ಸೀಟಿನ ಪಟ್ಟಿಗೆ, ಸೀಟು ಕಾರಿನ ಬೆಲ್ಟಿಗೆ, ಬೆಲ್ಟು ಕಾರಿನ ಉಕ್ಕಿನ ಚೌಕಟ್ಟಿಗೆ. ಬಟ್ಟೆಯ ಸೀಟಿನಲ್ಲಿ ನಡುವಿನ ಕೊಂಡಿಯೇ ಇಲ್ಲ. ಅದು ಕಟ್ಟಿಕೊಂಡಿರುವುದು ಆಸನದ ಮೆತ್ತೆಗೆ. ಕಾರು ನಿಂತಾಗ ಹೊಲಿಗೆ ಬಿಟ್ಟುಹೋದರೆ ಮಗು ಮುಂದಕ್ಕೆ ಹಾರುತ್ತದೆ. ಹೊಲಿಗೆ ನಿಂತರೂ ತಲೆಯನ್ನಾಗಲಿ ಪಕ್ಕೆಯನ್ನಾಗಲಿ ಕಾಯುವ ಕವಚವಿಲ್ಲ. ಮಡಿಲಿಗಿಂತ ಇದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಮಡಿಲಲ್ಲಿ ಮಗುವಿದ್ದಾಗ ಚಾಲಕನಿಗೆ ‘ನಿಧಾನ’ ಎಂದು ಹೇಳುವ ಎಚ್ಚರವಾದರೂ ಉಳಿದಿರುತ್ತದೆ. ಇದು ಆ ಎಚ್ಚರವನ್ನೂ ಕಿತ್ತುಕೊಂಡು ಬದಲಿಗೆ ಏನನ್ನೂ ಕೊಡುವುದಿಲ್ಲ.

ಹಾಗಾದರೆ ನಿಜವಾದದ್ದನ್ನು ಗುರುತಿಸುವುದು ಹೇಗೆ? ಸೀಟಿನ ಬೆನ್ನಿಗೋ ತಳಕ್ಕೋ ಅಂಟಿಸಿದ ಚೀಟಿಯನ್ನು ಓದಿ. ಸೀಟಿನ ಜೊತೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಮನೆಗಳಲ್ಲಿ ಅದು ಪೆಟ್ಟಿಗೆಯಲ್ಲಿಯೇ ಉಳಿದುಬಿಡುತ್ತದೆ. ಆದರೆ ಚೀಟಿಯಲ್ಲಿರುವುದು ಹೆಚ್ಚಾಗಿ ಅಂಕಿಗಳು. ಅವುಗಳನ್ನು ಓದಲು ಇಂಗ್ಲಿಷ್ ಬೇಕಿಲ್ಲ. ವಿಶ್ವಸಂಸ್ಥೆಯ ನಿಯಮದಂತೆ ಪರೀಕ್ಷೆಗೊಳಗಾದ ಸೀಟಿನ ಮೇಲೆ ಬಹುತೇಕ ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ಒಂದು ವೃತ್ತ, ವೃತ್ತದೊಳಗೆ ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರ ಹಾಗೂ ಅನುಮೋದಿಸಿದ ದೇಶದ ಅಂಕಿ ಇರುತ್ತವೆ: 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್, 11 ಎಂದರೆ ಬ್ರಿಟನ್. ಹಳೆಯ ನಿಯಮವಾದರೆ 44 ಎಂಬ ಅಂಕಿ ಇರುತ್ತದೆ, ಅನುಮೋದನೆಯ ಸಂಖ್ಯೆ 04 ಅಥವಾ 03ರಿಂದ ಆರಂಭವಾಗುತ್ತದೆ. ಹೊಸದಾದರೆ 129 ಎಂದಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 44ರ ಸೀಟುಗಳ ಮಾರಾಟ 2024ರ ಸೆಪ್ಟೆಂಬರ್‌ನಿಂದ ನಿಂತಿದೆಯಾದರೂ ನಮ್ಮಲ್ಲಿ ಅವು ಸಿಗುತ್ತವೆ, ಬಳಸಲು ಅಡ್ಡಿಯಿಲ್ಲ. ಭಾರತದ ಮಾನದಂಡ ಎಐಎಸ್ 072; ಅದು ಬಹುಮಟ್ಟಿಗೆ 44ರ ಜಾಡಿನಲ್ಲಿಯೇ ಇದೆ.

ಚೀಟಿಯಲ್ಲಿ ಮುಂದೆ ನೋಡಬೇಕಾದದ್ದು ತೂಕ ಅಥವಾ ಎತ್ತರ. 44ರ ಸೀಟುಗಳು ತೂಕವನ್ನು ಹೇಳುತ್ತವೆ: 0–13 ಕಿಲೋ, 9–18 ಕಿಲೋ, 15–25, 22–36 ಎಂದು. 129ರ ಸೀಟುಗಳು ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಹೇಳುತ್ತವೆ; ಅವು ಪಕ್ಕದಿಂದ ಬಡಿಯುವ ಅಪಘಾತದ ಪರೀಕ್ಷೆಯನ್ನೂ ದಾಟಿರುತ್ತವೆ, ಮತ್ತು ಕನಿಷ್ಠ 15 ತಿಂಗಳವರೆಗೆ ಮಗುವನ್ನು ಹಿಮ್ಮುಖವಾಗಿಯೇ ಕೂರಿಸಬೇಕೆಂದು ಆ ನಿಯಮ ಹೇಳುತ್ತದೆ. ಸೀಟು ಕೊಳ್ಳಲು ಹೊರಡುವ ಮುನ್ನ ಅಂಗನವಾಡಿಯಲ್ಲಿ ಮಗುವಿನ ತೂಕ, ಎತ್ತರಗಳನ್ನು ಅಳೆಸಿಕೊಳ್ಳಿ. ವಯಸ್ಸನ್ನು ನೋಡಿ ಕೊಂಡ ಸೀಟು ಹೊಂದಿಕೆಯಾಗದೆ ಹೋಗುವುದುಂಟು.

ಯಾವ ಮಗುವಿಗೆ ಯಾವುದು

ಹುಟ್ಟಿದಂದಿನಿಂದ ಸುಮಾರು ಒಂದೂಕಾಲು ವರ್ಷದವರೆಗಿನ ಮಗುವಿಗೆ ಆಯ್ಕೆ ಸುಲಭ. ಹಿಡಿಕೆಯುಳ್ಳ, ಬುಟ್ಟಿಯಾಕಾರದ, 13 ಕಿಲೋದವರೆಗಿನ ಸೀಟುಗಳು ಸ್ವಭಾವತಃ ಹೊತ್ತೊಯ್ಯಬಲ್ಲಂಥವು. ಹಲವು ಸೀಟುಗಳ ತೂಕ ಮೂರರಿಂದ ನಾಲ್ಕೂವರೆ ಕಿಲೋದೊಳಗಿರುತ್ತದೆ. ಕಾರಿನ ಮೂರು ಬಿಂದುವಿನ ಬೆಲ್ಟನ್ನು ಅದರ ನೀಲಿ ಬಣ್ಣದ ಗುರುತುಗಳ ಮೂಲಕ ಹಾಯಿಸಿ ಬಿಗಿದರೆ ಕೆಲಸ ಮುಗಿಯಿತು. ನೋಡಲು ಇದೇ ರೀತಿಯಿರುವ, ಆದರೆ ತೊಟ್ಟಿಲಾಗಿ ಮಾತ್ರ ಬಳಸಬೇಕಾದ ಬುಟ್ಟಿಗಳೂ ಮಾರುಕಟ್ಟೆಯಲ್ಲಿವೆ. ಚೀಟಿಯೂ ಬೆಲ್ಟಿನ ದಾರಿಯೂ ಇಲ್ಲದ್ದು ಕಾರಿಗೆ ಬೇಡ. ಚಕ್ರಗಳು ಹೊರಬಂದು ತಳ್ಳುಗಾಡಿಯಾಗುವ ಸೀಟುಗಳೂ ಇವೆ. ವಿಮಾನ ನಿಲ್ದಾಣದಲ್ಲಿ ಅವು ಸೊಗಸು. ಏಳು ಕಿಲೋ ದಾಟುವ ಆ ಭಾರವನ್ನು ನಮ್ಮ ಏರುತಗ್ಗಿನ ಹಾದಿಯಲ್ಲಿ ಮೂರನೆಯ ದಿನ ಯಾರೂ ಎತ್ತಲಾರರು.

ಕಷ್ಟವಿರುವುದು ಒಂದೂಕಾಲರಿಂದ ನಾಲ್ಕು ವರ್ಷದ ನಡುವೆ. ಈ ವಯಸ್ಸಿನ ಮಗುವಿಗೆ ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವ ಪಟ್ಟಿಯ ಸೀಟೇ ಬೇಕು. ಅಂಥ ಸೀಟುಗಳು ಬಹುಪಾಲು 8ರಿಂದ 14 ಕಿಲೋ ತೂಗುತ್ತವೆ. ಈ ಲೇಖಕನ ಮನೆಗೂ ಅಂಥದ್ದೊಂದು ಬಂದಿತ್ತು. ಬಹಳ ಒಳ್ಳೆಯ ಸೀಟು. ಮೂರು ಪ್ರಯಾಣಗಳ ಬಳಿಕ ಅದು ಅಟ್ಟ ಸೇರಿತು, ನಾಲ್ಕನೆಯ ಪ್ರಯಾಣದಲ್ಲಿ ಮಗು ಮತ್ತೆ ಮಡಿಲಿಗೇ ಬಂತು. ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಸೀಟಿಗಿಂತ, ಕನಿಷ್ಠ ಪರೀಕ್ಷೆ ದಾಟಿದ, ಪ್ರತಿ ಸಲವೂ ಜೊತೆಗೆ ಬರುವ ಸೀಟು ಮೇಲೆಂಬುದು ಅಂದು ಅರಿವಾದ ಸಂಗತಿ. ಹಾಗಾಗಿ ಈ ಗುಂಪಿನಲ್ಲಿ ಕೊಳ್ಳುವವರು ಐದಾರು ಕಿಲೋದೊಳಗಿನ, ಹೆಚ್ಚಿನ ಅಲಂಕಾರಗಳಿಲ್ಲದ, ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ಕೂರಿಸಬಹುದಾದ ಸರಳ ಸೀಟನ್ನು ಹುಡುಕುವುದು ಲೇಸು. ವಿದೇಶಗಳಲ್ಲಿ ಅಲ್ಯುಮಿನಿಯಂ ಚೌಕಟ್ಟಿನ, ಮಡಚಿ ಚೀಲದಲ್ಲಿಡಬಹುದಾದ, ಸುಮಾರು ಮೂರೂವರೆ ಕಿಲೋದ ಸೀಟುಗಳೂ ಬಂದಿವೆ. ಅವು ಮುಮ್ಮುಖವಾಗಿ ಮಾತ್ರ ಕೂರಿಸುವಂಥವು, ಬೆಲೆ ಬಹಳ ದುಬಾರಿ. ಎರಡು ವರ್ಷ ದಾಟಿದ ಮಗುವಿಗಾಗಿ, ಆಗಾಗ ದೂರ ಪ್ರಯಾಣಿಸುವವರು ಮಾತ್ರ ಯೋಚಿಸಬೇಕಾದದ್ದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸೀಟಿನ ಮಿತಿ ಮೀರುವವರೆಗೂ ಮಗುವನ್ನು ಹಿಮ್ಮುಖವಾಗಿ ಕೂರಿಸುವಂತೆ 2018ರಲ್ಲಿ ಸಲಹೆ ನೀಡಿದೆ. ಕಾಲು ಮಡಚಿಕೊಳ್ಳುತ್ತದೆಂದು ನಾವು ಮರುಗುತ್ತೇವೆ. ಮಗುವಿಗೆ ಅದೊಂದು ತೊಂದರೆಯೇ ಅಲ್ಲ.

ನಾಲ್ಕು ವರ್ಷ ದಾಟಿ ಶಾಲೆಗೆ ಹೋಗುವ ಮಕ್ಕಳಿಗೆ ಬೂಸ್ಟರ್ ಬೇಕು. ದೊಡ್ಡವರಿಗಾಗಿ ರೂಪಿಸಿದ ಬೆಲ್ಟು ಮಗುವಿನ ಮೇಲೆ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವುದಷ್ಟೇ ಅದರ ಕೆಲಸ. ಬೂಸ್ಟರ್ ಇಲ್ಲದಿದ್ದರೆ ಬೆಲ್ಟಿನ ಮೇಲಿನ ಪಟ್ಟಿ ಕುತ್ತಿಗೆಯನ್ನು ಕುಯ್ಯುತ್ತದೆ, ಕೆಳಗಿನ ಪಟ್ಟಿ ಸೊಂಟದ ಮೂಳೆಯನ್ನು ಬಿಟ್ಟು ಮೆತ್ತನೆಯ ಹೊಟ್ಟೆಯ ಮೇಲೇರುತ್ತದೆ. ಕಿರಿಕಿರಿಯಿಂದ ಮಗು ಮೇಲಿನ ಪಟ್ಟಿಯನ್ನು ಕಂಕುಳ ಕೆಳಗೆ ಸರಿಸಿಕೊಳ್ಳುವುದನ್ನು ಎಲ್ಲರೂ ಕಂಡಿರುತ್ತೀರಿ. ಅಪಘಾತದಲ್ಲಿ ಅದು ಪಕ್ಕೆಲುಬು, ಕರುಳುಗಳಿಗೆ ಕುತ್ತು. ಗಾಳಿ ತುಂಬುವ ಬೂಸ್ಟರ್‌ಗಳು ಅರ್ಧ ಕಿಲೋ ಮಾತ್ರ ತೂಗುತ್ತವೆ, ಶಾಲಾ ಚೀಲದಲ್ಲಿ ಹಿಡಿಸುತ್ತವೆ, ಅನುಮೋದನೆ ಪಡೆದವೂ ಇವೆ. ಬಟ್ಟೆಯ ಸೀಟಿಗೂ ಇವಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟೇ. ಬೆನ್ನಿಲ್ಲದ ಬೂಸ್ಟರ್‌ಗಳ ಹೊಸ ಮಾದರಿಗಳಿಗೆ 2017ರ ಬಳಿಕ 22 ಕಿಲೋ ಹಾಗೂ 125 ಸೆಂಟಿಮೀಟರ್ ಮೀರಿದ ಮಕ್ಕಳಿಗೆಂದು ಮಾತ್ರ ಅನುಮೋದನೆ ದೊರೆಯುತ್ತಿದೆ. ಆದ್ದರಿಂದ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ಬೆನ್ನಿರುವುದೇ ಒಳ್ಳೆಯದು. ನಿದ್ದೆ ಬಂದಾಗ ತಲೆ ವಾಲಿ ಬೆಲ್ಟಿನಿಂದ ಹೊರಬೀಳುವುದನ್ನೂ ಅದು ತಡೆಯುತ್ತದೆ.

ಬೂಸ್ಟರ್ ಎಂದಿಗೆ ಸಾಕು ಎನ್ನುವುದಕ್ಕೆ ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಮಗು ಬೆನ್ನನ್ನು ಪೂರ್ತಿ ಆಸನಕ್ಕೆ ಒರಗಿಸಿದಾಗ ಮೊಣಕಾಲು ಆಸನದ ಅಂಚಿನಲ್ಲಿ ಮಡಚಬೇಕು, ಕೆಳಪಟ್ಟಿ ತೊಡೆಯ ಬುಡದಲ್ಲಿ ಕೂರಬೇಕು, ಮೇಲ್ಪಟ್ಟಿ ಭುಜದ ನಡುವಿನಿಂದ ಹಾಯಬೇಕು. 135ರಿಂದ 150 ಸೆಂಟಿಮೀಟರ್ ನಡುವೆ ಎಲ್ಲೋ ಇದು ಕೈಗೂಡುತ್ತದೆ. ಅಂದರೆ ಐದನೆಯ ತರಗತಿಯ ಅನೇಕ ಮಕ್ಕಳಿಗೂ ಬೂಸ್ಟರ್ ಬೇಕೆಂದಾಯಿತು. ಉಪಜಿಲ್ಲಾ ಕಲೋತ್ಸವಕ್ಕೆ ಒಂದೇ ಕಾರಿನಲ್ಲಿ ಎಂಟು ಮಕ್ಕಳನ್ನು ತುಂಬಿ ಕಳುಹಿಸುವ ನಮಗೆ ಇದು ಅತಿಯೆನಿಸಬಹುದು. ಬೂಸ್ಟರ್ ಒದಗಿಸುವುದಾಗದಿದ್ದರೂ ಒಂದು ಬೆಲ್ಟಿಗೆ ಒಂದೇ ಮಗು ಎಂಬ ಮಿತಿಯನ್ನು ರಕ್ಷಕ-ಶಿಕ್ಷಕ ಸಂಘಗಳು ಹಾಕಿಕೊಳ್ಳಬಹುದು.

ಟ್ಯಾಕ್ಸಿಯೊಳಗಿನ ವಾಸ್ತವ

ಹೊಸ ಕಾರುಗಳಲ್ಲಿ ಐಸೋಫಿಕ್ಸ್ ಎಂಬ ವ್ಯವಸ್ಥೆಯಿದೆ. ಹಿಂದಿನ ಆಸನದ ಬೆನ್ನು ಮತ್ತು ತಳ ಕೂಡುವಲ್ಲಿ ಎರಡು ಉಕ್ಕಿನ ಕೊಂಡಿಗಳು. ಸೀಟಿನ ಕಾಲುಗಳನ್ನು ಒತ್ತಿದರೆ ‘ಟಕ್’ ಎಂದು ಕಚ್ಚಿಕೊಳ್ಳುತ್ತವೆ. ಸ್ವಂತ ಕಾರಿಗೆ ಇದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಐಸೋಫಿಕ್ಸಿನಿಂದ ಮಾತ್ರ ಜೋಡಿಸಬಹುದಾದ ಸೀಟನ್ನು ಊರೂರು ಸುತ್ತುವವರು ಕೊಳ್ಳಬಾರದು; ಕರೆದ ಟ್ಯಾಕ್ಸಿಯಲ್ಲಿ ಕೊಂಡಿಯಿಲ್ಲದಿದ್ದರೆ ಸೀಟು ಬರಿಯ ಸಾಮಾನಾಗುತ್ತದೆ. ಬೆಲ್ಟಿನಿಂದಲೂ ಜೋಡಿಸಲು ಬರುವಂಥದ್ದೇ ಬೇಕು.

ಬೆಲ್ಟಿನ ವಿಷಯದಲ್ಲಿಯೂ ಟ್ಯಾಕ್ಸಿಗಳು ಪರೀಕ್ಷೆ ಒಡ್ಡುತ್ತವೆ. ಹಿಂದಿನ ಆಸನಕ್ಕೆ ಹೊದಿಸಿದ ರೆಕ್ಸಿನ್ ಕವರಿನ ಅಡಿಯಲ್ಲಿ ಬಕಲುಗಳು ಹೂತುಹೋಗಿರುತ್ತವೆ. ಹೊರಡುವ ಗಡಿಬಿಡಿಯಲ್ಲಿ ಅವನ್ನು ಹೊರತೆಗೆಯಲಾಗುವುದಿಲ್ಲ. ಕಾರು ಗೊತ್ತುಮಾಡುವಾಗಲೇ ‘ಹಿಂದಿನ ಬೆಲ್ಟು ಬೇಕು, ಮಗುವಿನ ಸೀಟು ಇಡಲಿಕ್ಕಿದೆ’ ಎಂದು ಹೇಳಿದರೆ ಚಾಲಕರು ಸರಿಪಡಿಸಿ ತರುತ್ತಾರೆ. ಹಳೆಯ ಕಾರುಗಳ ಹಿಂದಿನ ನಡು ಆಸನದಲ್ಲಿ ಸೊಂಟಪಟ್ಟಿ ಮಾತ್ರ ಇರುತ್ತದೆ. ಬೂಸ್ಟರನ್ನು ಎಂದಿಗೂ ಬರಿಯ ಸೊಂಟಪಟ್ಟಿಯೊಂದಿಗೆ ಬಳಸಬಾರದು. ಬದಿಯ ಆಸನವನ್ನೇ ಆರಿಸಿ. ಎದುರುಬದುರು ಬೆಂಚುಗಳ ಜೀಪಿನಲ್ಲಿ ಸೀಟನ್ನು ಸರಿಯಾಗಿ ಜೋಡಿಸುವ ಮಾರ್ಗವೇ ಇಲ್ಲ.

ಮುಂದಿನ ಆಸನದ ವಿಷಯದಲ್ಲಿ ರಾಜಿ ಸಲ್ಲದು. ಏರ್‌ಬ್ಯಾಗ್ ಕಣ್ಣು ಮಿಟುಕಿಸುವಷ್ಟರೊಳಗೆ ಸ್ಫೋಟಿಸಿ ತೆರೆದುಕೊಳ್ಳುತ್ತದೆ. ಹಿಮ್ಮುಖವಾಗಿ ಇಟ್ಟ ಸೀಟು ಅದಕ್ಕೆ ಅಂಗೈಯಷ್ಟು ಹತ್ತಿರದಲ್ಲಿರುತ್ತದೆ, ಮಡಿಲಲ್ಲಿ ಕೂತ ಮಗುವೂ ಅಷ್ಟೇ. ದೊಡ್ಡವರನ್ನು ಉಳಿಸುವ ಸಾಧನವೇ ಮಗುವನ್ನು ಕೊಲ್ಲಬಲ್ಲುದು. ಮಗು ಹಿಂದೆಯೇ ಇರಲಿ.

ಜೋಡಿಸಿದ ಬಳಿಕ ಬೆಲ್ಟ್ ಹಾಯ್ದಿರುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿ ನೋಡಬೇಕು. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಮೊಣಕಾಲಿನಿಂದ ಸೀಟನ್ನು ಒತ್ತಿ ಬೆಲ್ಟನ್ನು ಮತ್ತೆ ಬಿಗಿಯಬೇಕು. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ತಿರುವುಗಳಲ್ಲಿ ಸಡಿಲ ಸೀಟು ಹೇಗೆ ವಾಲಾಡುತ್ತದೆಂಬುದು ಕಂಡವರಿಗೆ ಗೊತ್ತು. ಮಗುವಿನ ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಿ ಹಿಡಿಯಲು ಸಾಧ್ಯವಾದರೆ ಅದು ಸಡಿಲವಾಗಿದೆಯೆಂದರ್ಥ. ಹಿಮ್ಮುಖ ಸೀಟಿನಲ್ಲಿ ಪಟ್ಟಿ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ, ಮುಮ್ಮುಖದಲ್ಲಿ ಭುಜದ ಮಟ್ಟದಿಂದ ಅಥವಾ ತುಸು ಮೇಲಿನಿಂದ ಬರಬೇಕು. ಬಾಣಂತಿಯರ ಮನೆಗಳಲ್ಲಿ ಕೂಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಯೇ ಸೀಟಿಗಿಡುವ ಅಭ್ಯಾಸವಿದೆ. ಹಾಗೆ ಮಾಡಿದರೆ ಪಟ್ಟಿ ಹಿಡಿಯುವುದು ಬಟ್ಟೆಯನ್ನು, ಮಗುವನ್ನಲ್ಲ. ಮೊದಲು ಪಟ್ಟಿ ಬಿಗಿದು, ಹೊದಿಕೆಯನ್ನು ಮೇಲಿನಿಂದ ಹೊದಿಸಬೇಕು. ಎಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನೊಳಗಿನ ಬಕಲು ಕಾದ ಸಟ್ಟುಗದಂತಿರುತ್ತದೆ. ಇಳಿಯುವಾಗ ಸೀಟಿನ ಮೇಲೊಂದು ಒದ್ದೆ ಬೈರಾಸು ಹಾಕಿಟ್ಟರೆ ಸಾಕು.

ಗಲ್ಫಿನಿಂದ ಬಂದ ಸೀಟು

ಯುಎಇಯಲ್ಲಿ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಟು 2017ರಿಂದ ಕಡ್ಡಾಯ. ತಪ್ಪಿದರೆ 400 ದಿರ್ಹಾಂ ದಂಡ. ಹಾಗಾಗಿ ಅಲ್ಲಿಂದ ಮರಳುವ ಕುಟುಂಬಗಳೊಂದಿಗೆ ಸೀಟುಗಳೂ ಊರಿಗೆ ಬರುತ್ತವೆ, ಬಂಧುಗಳಲ್ಲಿ ಕೈಬದಲಾಗುತ್ತವೆ. ಒಳ್ಳೆಯ ಪದ್ಧತಿಯೇ. ಆದರೆ ಅವುಗಳಲ್ಲಿ ಅಮೆರಿಕದ ಮಾದರಿಯವೂ ಇರಬಹುದು. ಎದೆಯ ಮಟ್ಟದಲ್ಲಿ ಇನ್ನೊಂದು ಪ್ಲಾಸ್ಟಿಕ್ ಕ್ಲಿಪ್ ಇರುವುದರಿಂದಲೂ ‘ಇ’ ವೃತ್ತ ಇಲ್ಲದಿರುವುದರಿಂದಲೂ ಗುರುತಿಸಬಹುದು. ಅಮೆರಿಕದ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಅದು ಬಿಗಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ, ಅಲ್ಲಿನ ಸೀಟುಗಳು ಆ ವ್ಯವಸ್ಥೆಯನ್ನು ನಂಬಿವೆ. ನಮ್ಮ ಬಹುಪಾಲು ಕಾರುಗಳ ಬೆಲ್ಟು ಜರ್ಕಾದಾಗ ಮಾತ್ರ ಕಚ್ಚುತ್ತದೆ. ಉಳಿದ ಹೊತ್ತಿನಲ್ಲಿ ಸಡಿಲವಾಗುತ್ತಲೇ ಇರುತ್ತದೆ. ಸೀಟಿನಲ್ಲಿಯೇ ಬೆಲ್ಟನ್ನು ಅದುಮಿ ಹಿಡಿಯುವ ಬೀಗವಿದ್ದರೆ ಸರಿ. ಇಲ್ಲದಿದ್ದರೆ ಅದರ ಕೊಕ್ಕೆಗಳನ್ನು ಐಸೋಫಿಕ್ಸ್ ಕೊಂಡಿಗಳಿಗೆ ಸಿಕ್ಕಿಸಬಹುದಾದ ಕಾರಿನಲ್ಲಿ ಮಾತ್ರ ಅದನ್ನು ಬಳಸಬೇಕು.

ವಿಮಾನದಲ್ಲಿ ತರುವವರಿಗೆ ಒಂದು ಮಾತು. ಎರಡು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಟಿಕೇಟು ಕೊಳ್ಳದಿದ್ದರೆ ಸೀಟು ಸಾಮಾನಿನ ವಿಭಾಗಕ್ಕೆ ಹೋಗುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟು ಕಳುಹಿಸಿ, ಇಳಿದ ಬಳಿಕ ಬಿರುಕುಗಳಿವೆಯೇ ನೋಡಿ. ವಿಮಾನದ ಆಸನಕ್ಕೆ ಕಟ್ಟುವ, ಅರ್ಧ ಕಿಲೋದಷ್ಟೇ ತೂಗುವ ‘ಕೇರ್ಸ್’ ಎಂಬ ಪಟ್ಟಿ 10ರಿಂದ 20 ಕಿಲೋದ ಮಕ್ಕಳಿಗಾಗಿ ಇದೆ. ಅದು ವಿಮಾನಕ್ಕೆ ಮಾತ್ರ, ನಿಲ್ದಾಣದಿಂದ ಮನೆಗೆ ಬರುವ ಕಾರಿಗೆ ಅಲ್ಲ.

ಅಜ್ಜಿಯ ಆಕ್ಷೇಪ, ಮತ್ತು ಸೀಟಿಲ್ಲದ ದಿನ

ಮಗು ಅಳುತ್ತದೆ, ಕಟ್ಟಿಹಾಕಿದಂತಾಗುತ್ತದೆ ಎಂಬುದು ಪ್ರತಿ ಮನೆಯಲ್ಲಿ ಕೇಳಿಬರುವ ಮಾತು. ಅದರಲ್ಲಿ ಸತ್ಯವಿಲ್ಲದಿಲ್ಲ. ಪ್ರಯಾಣದ ದಿನವೇ ಮೊದಲ ಬಾರಿಗೆ ಕೂರಿಸಿದರೆ ಯಾವ ಮಗುವೂ ಅಳುತ್ತದೆ. ಒಂದು ವಾರ ಮೊದಲೇ ಸೀಟನ್ನು ಚಾವಡಿಯಲ್ಲಿಟ್ಟು, ಅದರಲ್ಲಿ ಕೂರಿಸಿ ಆಟವಾಡಿಸಿದರೆ ಅದು ಪರಿಚಿತ ವಸ್ತುವಾಗುತ್ತದೆ. ಅಜ್ಜಿಗೆ ಮಗುವಿನ ಪಕ್ಕದ ಆಸನವನ್ನೇ ಬಿಟ್ಟುಕೊಡಿ. ಕೈ ಹಿಡಿದುಕೊಂಡು ಕತೆ ಹೇಳುವುದಕ್ಕೆ ಬೆಲ್ಟು ಅಡ್ಡಿಯಾಗದು. ಬೆಂಗಳೂರಿನಂಥ ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಹೊರತೆಗೆಯಬೇಕು. ಹಸುಗೂಸಿನ ಗಲ್ಲ ಎದೆಗೆ ತಾಗಿ ಉಸಿರಾಟಕ್ಕೆ ಅಡ್ಡಿಯಾಗಬಹುದಾದ್ದರಿಂದ ಮನೆ ತಲುಪಿದ ಮೇಲೆ ಸೀಟಿನಲ್ಲಿಯೇ ಮಲಗಲು ಬಿಡಬಾರದು.

ಸೀಟು ಸಿಗದ ದಿನವೂ ಬರುತ್ತದೆ. ತುರ್ತಲ್ಲದ ಪ್ರಯಾಣವಾದರೆ ಕಾಸರಗೋಡು, ಕುಂಬಳೆ, ಮಂಜೇಶ್ವರದಿಂದ ಮಂಗಳೂರಿಗೆ ರೈಲಿದೆ. ಹಸುಗೂಸಿನ ಮಟ್ಟಿಗೆ ಬಾಡಿಗೆ ಕಾರಿಗಿಂತ ಅದು ಸುರಕ್ಷಿತ. ಕಾರೇ ಆಗಬೇಕೆಂದಾದರೆ ಹಿಂದಿನ ಆಸನ, ಹಿಡಿದವರಿಗೆ ಬೆಲ್ಟು, ತಗ್ಗಿಸಿದ ವೇಗ. ತಾಯಿಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟು ಹಾಕುವುದು ಮಾತ್ರ ಬೇಡವೇ ಬೇಡ, ತಾಯಿಯ ಭಾರವೆಲ್ಲ ಬೆಲ್ಟಿನ ನಡುವೆ ಸಿಲುಕಿದ ಮಗುವಿನ ಮೇಲೆ ಬೀಳುತ್ತದೆ. ಮೂರು ವರ್ಷ ದಾಟಿದ ಮಗುವಾದರೆ ಸೀಟಿಲ್ಲದಿದ್ದರೂ ಸ್ವತಂತ್ರವಾಗಿ ಕೂರಿಸಿ ಕಾರಿನ ಬೆಲ್ಟು ಹಾಕುವುದು, ಏನೂ ಹಾಕದಿರುವುದಕ್ಕಿಂತ ಮೇಲು.

ಹಸುಗೂಸಿನ ಸೀಟು ಒಂದು ಮಗುವಿಗೆ ಉಪಯೋಗವಾಗುವುದು ಒಂದೂಕಾಲು ವರ್ಷ ಮಾತ್ರ. ಆದ್ದರಿಂದ ಅಣ್ಣತಮ್ಮಂದಿರ, ಅಕ್ಕತಂಗಿಯರ ಮೂರು ನಾಲ್ಕು ಮನೆಗಳು ಸೇರಿ ಒಂದನ್ನು ಕೊಳ್ಳುವುದು ನಮ್ಮ ಕಡೆ ಸುಲಭಸಾಧ್ಯ. ಅಪರಿಚಿತರಿಂದ ಹಳೆಯ ಸೀಟು ಕೊಳ್ಳಬಾರದೆಂಬುದಕ್ಕೆ ಕಾರಣ ಅದರ ಚರಿತ್ರೆ ತಿಳಿಯದಿರುವುದು. ಒಮ್ಮೆ ದೊಡ್ಡ ಅಪಘಾತ ಕಂಡ ಸೀಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಬಳಸುವಂತಿಲ್ಲ. ಪ್ಲಾಸ್ಟಿಕ್ಕಿಗೂ ಆಯುಷ್ಯವಿದೆ. ತಯಾರಕರು ಸಾಮಾನ್ಯವಾಗಿ ಆರರಿಂದ ಹತ್ತು ವರ್ಷದ ಮಿತಿಯನ್ನು ಹೇಳುತ್ತಾರೆ, ತಯಾರಾದ ದಿನಾಂಕ ತಳದಲ್ಲಿ ಅಚ್ಚಾಗಿರುತ್ತದೆ. ಮನೆಯಿಂದ ಮನೆಗೆ ಕೊಡುವಾಗ ಕೈಪಿಡಿಯನ್ನು ಸೀಟಿನ ಮೆತ್ತೆಯ ಕೆಳಗೆ ಇಟ್ಟು ಕೊಡಿ; ಕೊಂಡ ವರ್ಷ, ಬಳಸಿದ ಮಕ್ಕಳ ಹೆಸರು, ಅಪಘಾತವಾಗಿದ್ದರೆ ಅದರ ದಿನಾಂಕ, ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ತಳಕ್ಕೆ ಅಂಟಿಸಿ.